ಸೊಂಡಿಲೆತ್ತಿದ ಅಕ್ಷರ

ಆ ಬೆಳಿಗ್ಗೆ ಮಧುರೆಯ ಮೇಲೆ ಬಿದ್ದ ಮಂಜಿನಲ್ಲಿ ಅಮ್ಮನ ಗುಡಿಯ ಗೋಪುರಕ್ಕೆ ಬುಡವೇ ಇರಲಿಲ್ಲ. ತುದಿಯ ಕಳಶಗಳು ಮಾತ್ರ, ಯಾರೋ ತೊಳೆದು ಸಾಲಾಗಿ ಇಟ್ಟ ಚೊಂಬುಗಳ ಹಾಗೆ ಆಕಾಶದಲ್ಲಿ ಕಾಣುತ್ತಿದ್ದವು. ಮಾರ್ಗಳಿ ತಿಂಗಳಲ್ಲಿ, ಅಂದರೆ ಧನುರ್ಮಾಸದಲ್ಲಿ, ಮಂಜು ಬೀಳುವುದು ಹೊಸದಲ್ಲ. ಆದರೆ ಅಂದಿನದು ಬೀದಿಗೆ ಇಳಿದು, ಮನೆಮನೆಯ ಜಗಲಿಯ ಮೇಲೆ ಕೂತು, ಏಳುವ ಯೋಚನೆಯೇ ಇಲ್ಲದ ನೆಂಟನ ಹಾಗಿತ್ತು. ಹೆಂಗಸರು ರಂಗೋಲಿಯ ಒಂದು ತುದಿ ಹಾಕಿ ಇನ್ನೊಂದು ತುದಿಗೆ ಬರುವಷ್ಟರಲ್ಲಿ ಮೊದಲಿನ ತುದಿ ಕಣ್ಣಿಗೆ ಸಿಕ್ಕುತ್ತಿರಲಿಲ್ಲ.

ಆ ಮಂಜಿನೊಳಗಿಂದ ಗುಡಿ ಮುಗಿಸಿಕೊಂಡು ತಿರುಮೇನಿ ಆಚಾರಿ ಬರುತ್ತಿದ್ದ. ಹಣೆಯ ವಿಭೂತಿ ತೇವಕ್ಕೆ ಅಂಟಿಕೊಂಡಿತ್ತು. ಪುದುಮಂಟಪದ ಹಿಂದಿನ ಪಾತ್ರೆ ಬೀದಿಯಲ್ಲಿ ಅವನು ಹೆಸರು ಕೊರೆಯುವವನು. ಮದುವೆಗೆ ಉಡುಗೊರೆ ಕೊಡುವ ಕೊಡ, ಹರಿವಾಣ, ಕುತ್ತುವಿಳಕ್ಕು ಎಂಬ ಎತ್ತರದ ದೀಪ ಅವನ ಮುಂದೆ ಬರುತ್ತವೆ. ಸಣ್ಣ ಉಳಿಯಿಂದ ಟುಕುಟುಕು ಎಂದು ಕೊಟ್ಟವರ ಹೆಸರನ್ನೂ ಪಡೆದವರ ಹೆಸರನ್ನೂ ಅವುಗಳ ಮೇಲೆ ನಿಲ್ಲಿಸುತ್ತಾನೆ. ಅವನ ಅಪ್ಪನೂ ಅದೇ ಜಾಗದಲ್ಲಿ, ಅದೇ ಮಣೆಯ ಮೇಲೆ ಕೂತು ಆ ಕೆಲಸ ಮಾಡಿದವರು.

ಊರಿನ ಉಳಿದ ಜನ ಅಕ್ಷರ ಕಂಡರೆ ಓದುತ್ತಾರೆ. ತಿರುಮೇನಿ ನೋಡುತ್ತಿದ್ದ. ತೇನಿ ಬಸ್ಸಿನ ಹಣೆಯ ಮೇಲಿನ ಅಕ್ಷರಗಳು ಹೊಟ್ಟೆ ತುಂಬ ಉಂಡು ಗೋಡೆಗೆ ಒರಗಿದ ಗಂಡಸರಂತೆ ಅವನಿಗೆ ಕಾಣುತ್ತಿದ್ದವು. ಹಪ್ಪಳದ ಪೊಟ್ಟಣದ ಮೇಲಿನವು ಎಣ್ಣೆಗೆ ಬೀಳುವ ಮೊದಲೇ ಸುರುಟಿಕೊಂಡಿದ್ದವು. ಬೆಂಕಿಪೊಟ್ಟಣದ ಮೇಲಿನ ಸಣ್ಣವು ಒಂದರ ಕಿವಿಯಲ್ಲಿ ಒಂದು ಚಾಡಿ ಹೇಳುತ್ತಿದ್ದವು. ಸೈಕಲ್ ಅಂಗಡಿಯ ಬೋರ್ಡು ಬರೆದವನು ಜಾಗ ಸಾಲದೆ ಕೊನೆಯ ಅಕ್ಷರಗಳನ್ನು ಒಂದರ ತೊಡೆಯ ಮೇಲೆ ಒಂದು ಕೂರಿಸಿದ್ದ. ಅದರ ಮುಂದೆ ನಿಂತಾಗಲೆಲ್ಲ ತಿರುಮೇನಿಗೆ ಅಯ್ಯೋ ಪಾಪ ಅನ್ನಿಸುತ್ತಿತ್ತು. ಒಂದು ಮದುವೆಯ ಕರೆಯೋಲೆಯನ್ನು ಬಹಳ ಹೊತ್ತು ಕೈಯಲ್ಲಿ ಹಿಡಿದು, ಬೊಟ್ಟಿನಿಂದ ತಡವಿ, ಬೆಳಕಿಗೆ ಎತ್ತಿ ನೋಡಿ, ಕೊನೆಗೆ ಮದುವೆ ಮುಗಿದ ಮಾರನೆಯ ದಿನ ಛತ್ರಕ್ಕೆ ಹೋಗಿದ್ದ. ಅಲ್ಲಿ ಬಾಳೆಕಂಬ ಕೀಳುತ್ತಿದ್ದರು. ಅವನ ಹೆಂಡತಿ ವಡಿವು ಆ ಕಥೆಯನ್ನು ನೀರಿನ ನಲ್ಲಿಯ ಹತ್ತಿರ ಇನ್ನೂ ಹೇಳುತ್ತಾಳೆ.

ಬೀದಿಯ ತಿರುವಿನಲ್ಲಿ ಹತ್ತಿಕಾಳಿನ ಹಾಲು ಮಾರುವ ಪಿಚ್ಚೈಯ ಗಾಡಿ. ಒಲೆಯ ಕೆಂಪು ಮಾತ್ರ ಮಂಜಿನಲ್ಲಿ ಕಾಣುತ್ತಿತ್ತು.

"ಏನಣ್ಣೇ, ಬಂದ್ರಾ? ಇವತ್ತು ಯಾವ ಅಕ್ಷರಕ್ಕೆ ನೆಗಡಿ ಆಗಿದೆ?" ಅಂದ ಪಿಚ್ಚೈ.

"ನಿನ್ನ ಗಾಡಿ ಮೇಲಿರೋದಕ್ಕೇ ಕಣೋ. ಬಣ್ಣ ಸೋರಿ ಮೂಗು ಸುರಿಸ್ತಿದೆ."

"ಹಾಲು ಹೆಂಗಿದೆ ಅಂತ ಒಂದಿನ ಹೇಳಿ ನೋಡೋಣ. ಯಾವಾಗ್ಲೂ ಬೋರ್ಡೇ ಕುಡೀತೀರಿ."

ಲೋಟ ಕೈಗೆ ತೆಗೆದುಕೊಂಡು ತಿರುಮೇನಿ ಎದುರಿನ ಗೋಡೆಯ ಕಡೆ ತಿರುಗಿದ. ಹಳೆಯ ಸೌದೆ ಮಂಡಿಯ ಗೋಡೆ ಅದು. ಊರಿನ ಸಿನಿಮಾ, ಸಭೆ, ಸಾವು ಎಲ್ಲವೂ ಅದರ ಮೇಲೆ ಒಂದರ ಬೆನ್ನಿಗೆ ಒಂದು ಅಂಟಿಕೊಂಡಿರುತ್ತವೆ. ಆಗತಾನೆ ಹಚ್ಚಿದ ಮೈದಾ ಅಂಟಿನ ವಾಸನೆ ಬರುತ್ತಿತ್ತು. ಸಾವು ಸಾರುವ ಹೊಸದೊಂದು ಕಣ್ಣೀರಂಜಲಿ. ಕಪ್ಪು ಅಂಚಿನ ದೊಡ್ಡ ಹಾಳೆ. ಮೇಲಿನ ಭಾಗವೆಲ್ಲ ಮಂಜಿನಲ್ಲಿ ಮುಳುಗಿತ್ತು. ಕೆಳಗಿನ ಸಾಲು ಮಾತ್ರ ಸ್ಪಷ್ಟ: ಇಂದು ಅದಿಕಾಲೈ ದೇವರ ಪಾದ ಸೇರಿದರು. ಅದಿಕಾಲೈ, ಮುಂಜಾನೆ. ಆ ಮಾತಿನ ಕೊನೆಯಲ್ಲಿದ್ದ ಅಕ್ಷರದ ಮೇಲೆ ಅವನ ಕಣ್ಣು ಬಿತ್ತು.

ಲೋಟ ಕೈಯಲ್ಲಿ ಓರೆಯಾಗಿ ಹಾಲು ಹೆಬ್ಬೆರಳ ಮೇಲೆ ಚೆಲ್ಲಿತು. ಸುಟ್ಟದ್ದು ತಿಳಿಯಲಿಲ್ಲ.

ಅದು ಹಳೆಯ ತಮಿಳು ಬರಹದ 'ಲೈ'. ಸರ್ಕಾರ ಹೊಸ ಬರಹ ತರುವ ಮೊದಲು ಎಲ್ಲ ಕಡೆ ಇದ್ದದ್ದು, ಅಕ್ಷರದ ಮುಂದೆ ಆನೆಯ ಸೊಂಡಿಲಿನಂತೆ ಒಂದು ಸುರುಳಿ ಇಳಿಯುವಂಥದ್ದು. ಹೊಸ ಬರಹ ಬಂದಮೇಲೆ ಆ ಸೊಂಡಿಲು ಪುಸ್ತಕದಿಂದ ಹೋಯಿತು, ಗೋಡೆಯಿಂದ ಹೋಯಿತು, ಮಕ್ಕಳ ಕೈಯಿಂದಲೂ ಹೋಯಿತು. ಆದರೆ ಇದು ಬರೀ ಹಳೆಯ 'ಲೈ' ಅಲ್ಲ. ಬೇರೆಯವರು ಕೊರೆದ ಅಂಥ ಅಕ್ಷರಗಳ ಸೊಂಡಿಲು ತುದಿಯಲ್ಲಿ ಇಳಿಬೀಳುತ್ತಿತ್ತು. ಇದರದು ತುದಿಯಲ್ಲಿ ಚೂರು ಮೇಲಕ್ಕೆ ಎದ್ದಿತ್ತು, ಗುಡಿಯ ಆನೆ ತಲೆಯ ಮೇಲೆ ಆಶೀರ್ವಾದ ಇಡುವ ಮುನ್ನ ಎತ್ತುತ್ತದಲ್ಲ, ಹಾಗೆ.

ಹಾಗೆ ಕೊರೆಯುತ್ತಿದ್ದವರು ಇಡೀ ಮಧುರೆಯಲ್ಲಿ ಒಬ್ಬರೇ, ಅವನ ಅಪ್ಪ.

"ಪಿಚ್ಚೈ! ಲೇ ಪಿಚ್ಚೈ! ಬಾರೋ ಇಲ್ಲಿ!" ತಿರುಮೇನಿ ಕೂಗಿದ. ಕೂಗಿದನೋ ನಕ್ಕನೋ ಅವನಿಗೇ ಗೊತ್ತಿಲ್ಲ. ಬೆರಳಿನಿಂದ ಮುಟ್ಟಿ ನೋಡಿದ, ಮಸಿ ಹಸಿಯಾಗಿತ್ತು. "ಅಪ್ಪನ ಕೈ ಕಣೋ ಇದು! ಸುಟ್ಟು ಬೂದಿ ಆಯ್ತು ಅಂದುಕೊಂಡಿದ್ದೆ! ಯಾವ ಪುಣ್ಯಾತ್ಮ ಸತ್ತನೋ, ಅವನ ಹೊಟ್ಟೆ ತಣ್ಣಗಿರಲಿ, ಇದನ್ನ ಮತ್ತೆ ಕಣ್ಣಿಗೆ ತೋರಿಸ್ದ!"

ಪಿಚ್ಚೈ ಸೌಟು ಹಿಡಿದೇ ಬಂದ. ಅಕ್ಷರ ನೋಡಲಿಲ್ಲ. ಎಲ್ಲರ ಹಾಗೆ ಮುಖ ಹತ್ತಿರ ತಂದು ಹೆಸರು ಹುಡುಕಿದ. ಸೌಟು ಕೆಳಗಿಳಿಯಿತು.

"ಅಣ್ಣೇ..." ಅಂದ.

"ಸೊಂಡಿಲು ನೋಡೋ, ಸೊಂಡಿಲು!"

"ಅಣ್ಣೇ, ಹೆಸರು ಓದಿ. ಇದು ನಮ್ಮ ಅಚ್ಚುಮನೆ ಸೊಕ್ಕಲಿಂಗಂ ಅಲ್ವಾ?"

ತಿರುಮೇನಿಯ ನಗು ಬಾಯಲ್ಲೇ ಇತ್ತು. ನುಂಗಲೂ ಆಗದೆ ಉಗುಳಲೂ ಆಗದೆ ಅವನು ಹಾಗೇ ನಿಂತ. ಮಂಜು ಒಂದು ಮೊಳ ಮೇಲಕ್ಕೆ ಸರಿದಿತ್ತು. ಹಾಳೆಯ ನಡುವೆ, ತನ್ನ ಅಂಗೈಯಷ್ಟು ದೊಡ್ಡ ಕಪ್ಪು ಅಕ್ಷರಗಳಲ್ಲಿ, ಬಾಲ್ಯದಿಂದ ತನ್ನ ಜೊತೆ ಒಂದೇ ಕೊಳದಲ್ಲಿ ಈಜಿದವನ ಹೆಸರು ನಿಂತಿತ್ತು.

*

ಆ ಅಕ್ಷರದ ಹಿಂದೆ ಒಂದು ಕಥೆ ಇದೆ.

ಸೊಕ್ಕಲಿಂಗಂನ ಅಚ್ಚುಮನೆ ಅವನ ತಂದೆಯ ಕಾಲದ್ದು. ದೊಡ್ಡ ಹಾಳೆಗಳನ್ನು ಅಚ್ಚು ಹೊಡೆಯುವುದಕ್ಕೆ ಅಲ್ಲಿ ಮರದ ಅಕ್ಷರಗಳ ಒಂದು ಪೂರ್ತಿ ಪೆಟ್ಟಿಗೆ ಇತ್ತು. ಒಮ್ಮೆ ಅದರಲ್ಲಿನ 'ಲೈ' ಸೀಳಿಹೋಯಿತು. ಊರಲ್ಲಿ ಅಂಥದ್ದು ಸಿಕ್ಕುವ ಹಾಗಿರಲಿಲ್ಲ. ಆಗ ತಿರುಮೇನಿಯ ಅಪ್ಪ, ಮನೆಯಲ್ಲಿ ಮುರಿದು ಬಿದ್ದಿದ್ದ ತೊಟ್ಟಿಲಿನ ಕಾಲು ತಂದು, ಅದರಿಂದ ಹೊಸ 'ಲೈ' ಕೊರೆದುಕೊಟ್ಟರು. ಅದು ತಿರುಮೇನಿ ಮಲಗಿದ್ದ ತೊಟ್ಟಿಲು. ಏನು ಕೊಡಬೇಕೆಂದು ಕೇಳಿದಾಗ ಅವರು, "ಏನೂ ಬೇಡ. ಇದು ದುಡಿಯುವಷ್ಟು ದಿನ ನಿಮ್ಮದು. ಬೇಡವಾದ ದಿನ ನಮ್ಮ ಹುಡುಗನ ಕೈಗೆ ಹಿಂದಕ್ಕೆ ಕೊಟ್ಟುಬಿಡಿ" ಎಂದಿದ್ದರು. ಅಪ್ಪ ಕೊರೆದ ಪಾತ್ರೆಗಳೆಲ್ಲ ಬೇರೆಯವರ ಅಡುಗೆಮನೆ ಸೇರಿದ್ದವು. ಮಗನಿಗೆ ಉಳಿಯಬೇಕಾಗಿದ್ದ ಅವರ ಕೈಗೆಲಸ ಅದೊಂದೇ.

ಹೊಸ ಬರಹ ಬಂತು. ಹಳೆಯ ಅಕ್ಷರಗಳು ದುಡಿಯುವುದು ನಿಂತಿತು. ತಿರುಮೇನಿ ಇವತ್ತು ನಾಳೆ ಕೇಳೋಣ ಅಂದುಕೊಂಡ. ಆ ವರ್ಷದ ಭೋಗಿಯ ದಿನ, ಹಳೆಯದನ್ನೆಲ್ಲ ಬೀದಿಯಲ್ಲಿ ರಾಶಿ ಹಾಕಿ ಬೆಂಕಿ ಇಡುವಾಗ, ಸೊಕ್ಕಲಿಂಗಂ ಮುರುಕು ಚಾಪೆ ಪೊರಕೆಗಳ ಮೇಲೆ ಹಳೆಯ ಅಕ್ಷರಗಳ ತಟ್ಟೆಯನ್ನೂ ಬೋರಲು ಹಾಕಿದ. ತಿರುಮೇನಿ ಓಡಿಬರುವಷ್ಟರಲ್ಲಿ ಸೊಂಡಿಲುಗಳೆಲ್ಲ ಕೆಂಪಗೆ ಉರಿಯುತ್ತಿದ್ದವು. ಕೋಲು ಹಾಕಿ ಕೆದಕಿದ, ಕೈಹಾಕಿ ಸುಟ್ಟುಕೊಂಡ. ಸಿಕ್ಕಲಿಲ್ಲ. "ಒಂದು ಕಟ್ಟಿಗೆ ತುಂಡಿಗೆ ಇಷ್ಟು ಕುಣೀತೀಯಲ್ಲೋ ಪಂಗಾಳಿ" ಎಂದು, ಗೆಳೆಯನನ್ನು ಯಾವಾಗಲೂ ಕರೆಯುವ ಹಾಗೆಯೇ ಕರೆದು, ಸೊಕ್ಕಲಿಂಗಂ ನಕ್ಕ. ಆ ನಗುವಿಗೆ ತಿರುಮೇನಿ ಬೀದಿಯ ಎಲ್ಲರೆದುರು ಹೇಳಿದ: "ನೀನು ಸತ್ತರೂ ನಿನ್ನ ಬಾಗಿಲು ತುಳಿಯೋನಲ್ಲ ನಾನು."

ಅಂದಿನಿಂದ ಮಾತಿಲ್ಲ. ಒಂದೇ ಗುಡಿ, ಒಂದೇ ಸಂತೆ, ಒಂದೇ ಹಾಲಿನ ಗಾಡಿ. ಒಬ್ಬನು ಬಂದರೆ ಇನ್ನೊಬ್ಬನು ಲೋಟ ಅರ್ಧಕ್ಕೆ ಇಟ್ಟು ಹೋಗುತ್ತಿದ್ದ.

*

ಮನೆಗೆ ಬಂದಾಗ ವಡಿವು ರಂಗೋಲಿಯ ನಡುವೆ ಸಗಣಿಯ ಉಂಡೆ ಇಟ್ಟು ಅದರ ಮೇಲೆ ಕುಂಬಳದ ಹೂವು ಸಿಕ್ಕಿಸುತ್ತಿದ್ದಳು. ಗಂಡನ ಮುಖ ನೋಡಿದ್ದೇ ಹೂವು ಕೈಯಿಂದ ಜಾರಿತು.

"ಏನಾಯ್ತು ರೀ?"

"ಸೊಕ್ಕಲಿಂಗಂ ಹೋಗ್ಬಿಟ್ಟ."

"ಎಲ್ಲಿಗೆ?"

ಅವನು ಕೈಯೆತ್ತಿ ಆಕಾಶ ತೋರಿಸಿದ. ಅವಳಿಗೆ ತಿಳಿಯಿತು. ಬಾಯಿಗೆ ಸೆರಗು ಅಡ್ಡ ಹಿಡಿದಳು. "ಮೊನ್ನೆ ತಾನೇ ರೇಷನ್ ಅಂಗಡಿ ಸಾಲಿನಲ್ಲಿ ನೋಡ್ದೆ. 'ತಂಗಚ್ಚಿ, ನಿನ್ನ ಗಂಡ ಇನ್ನೂ ಬದುಕಿದಾನಾ, ಅಕ್ಷರದ ಜೊತೆ ಅಂಟಿಕೊಂಡು ಹೋದ್ನಾ' ಅಂತ ಕೇಳಿದ್ರು. ನಾನು ನಿಮಗೆ ಹೇಳ್ಲಿಲ್ಲ."

"ನಾನು ನಗ್ತಾ ಇದ್ದೆ ವಡಿವು." ತಿರುಮೇನಿ ಜಗಲಿಯ ಮೇಲೆ ಕುಸಿದ. "ಅವನ ಸಾವಿನ ಹಾಳೆ ಮುಂದೆ ನಿಂತ್ಕೊಂಡು ನಗ್ತಾ ಇದ್ದೆ. ಸತ್ತವನ ಹೊಟ್ಟೆ ತಣ್ಣಗಿರಲಿ ಅಂದೆ. ಈ ಕಣ್ಣಿಗೆ ಮೊದಲು ಹೆಸರು ಕಾಣಬಾರದಾ?"

"ಏಳಿ. ಮೊದಲು ಏಳಿ. ಹೋಗಿ."

"ಸತ್ತರೂ ಬರಲ್ಲ ಅಂದಿದ್ದೆ ಕಣೇ, ಬೀದಿ ಮುಂದೆ."

"ಅವತ್ತು ಕೋಪದಲ್ಲಿ ನಾಲಿಗೆ ಆಡ್ತು. ಇವತ್ತು ಕಾಲು ಆಡ್ಲಿ. ನಾನು ನೆರೆಮನೆಯವರನ್ನ ಕರ್ಕೊಂಡು ಹಿಂದೇನೇ ಬರ್ತೀನಿ. ಹೂವಿನವಳ ಹತ್ರ ಒಂದು ಮಾಲೆ ತಗೊಳ್ಳಿ. ಒಳ್ಳೆಯದು ತಗೊಳ್ಳಿ."

ಸಂಪಿಗೆ ಸೇರಿಸಿ ಕಟ್ಟಿದ ಭಾರದ ಮಾಲೆ. ಬಾಳೆಎಲೆಯಲ್ಲಿ ಸುತ್ತಿಸಿಕೊಂಡು ಎದೆಗೆ ಒತ್ತಿಕೊಂಡು ತಿರುಮೇನಿ ನಡೆದ. ದಾರಿಯುದ್ದಕ್ಕೂ ಅದೇ ಹಾಳೆ. ನಲ್ಲಿಯ ಪಕ್ಕದ ಗೋಡೆಗೆ ಒಂದು, ಪಿಳ್ಳೈಯಾರ್ ಗಣಪನ ಗುಡಿಯ ಹಿಂದೆ ಒಂದು, ಬೀಗ ಹಾಕಿದ ಅಂಗಡಿಯ ಬಾಗಿಲಿಗೆ ಒಂದು. ಎದುರಾದಾಗಲೆಲ್ಲ ಹೆಸರನ್ನು ನೋಡಬೇಕೆಂದು ಅವನು ಮನಸ್ಸು ಕಟ್ಟಿಕೊಳ್ಳುತ್ತಿದ್ದ. ಕಣ್ಣು ನೇರವಾಗಿ ಕೊನೆಯ ಸಾಲಿಗೆ ಇಳಿದು ಆ ಎತ್ತಿದ ಸೊಂಡಿಲಿನ ಮೇಲೆ ಹೋಗಿ ಕೂರುತ್ತಿತ್ತು. ಎಷ್ಟು ಚೆನ್ನಾಗಿ ಕೂತಿದೆ, ಮಸಿ ಎಲ್ಲೂ ಹರಡಿಲ್ಲ ಅನ್ನಿಸುತ್ತಿತ್ತು. ಅನ್ನಿಸಿದ ಕೂಡಲೇ ಅವನಿಗೆ ತನ್ನ ಕೆನ್ನೆಗೆ ತಾನೇ ಹೊಡೆದುಕೊಳ್ಳುವಷ್ಟು ಹೇಸಿಗೆಯಾಗುತ್ತಿತ್ತು. ಅಮ್ಮಾ ತಾಯೇ, ಇಷ್ಟು ದಿನ ಒಂದು ಕಟ್ಟಿಗೆ ತುಂಡಿಗಾಗಿ ಮನುಷ್ಯನನ್ನು ಬಿಟ್ಟೆ. ಇವತ್ತು ತುಂಡನ್ನು ಕೊಟ್ಟು ಮನುಷ್ಯನನ್ನು ಎತ್ತಿಕೊಂಡೆಯಾ? ನಾನು ಕೇಳಿದ್ದು ಹೀಗಲ್ಲವಲ್ಲ.

ಅವನು ದೇವರನ್ನು ಬೈಯುವವನಲ್ಲ. ಅಂದು ಕೇಳಿಯೇ ಕೇಳಿದ.

ಸೊಕ್ಕಲಿಂಗಂನ ಬೀದಿಗೆ ತಿರುಗಿದಾಗ ಮೊದಲು ಕಿವಿಗೆ ವಿಚಿತ್ರವೆನಿಸಿತು. ಅಳು ಇಲ್ಲ. ಶಂಖ ಇಲ್ಲ. ಬಾಗಿಲ ಮುಂದೆ ಚಪ್ಪರವಾಗಲಿ, ಬೆಂಚುಗಳಾಗಲಿ, ತಲೆ ತಗ್ಗಿಸಿ ನಿಂತ ಗಂಡಸರಾಗಲಿ ಇಲ್ಲ. ಹತ್ತಿರ ಹೋದಾಗ ಕಾಲು ತಾನಾಗಿ ನಿಂತಿತು. ಹೊಸ್ತಿಲ ಮುಂದೆ ಅಗಲವಾದ ರಂಗೋಲಿ. ನಡುವೆ ಕುಂಬಳದ ಹೂವು, ಇನ್ನೂ ಇಬ್ಬನಿ ಹೊತ್ತದ್ದು.

ಸಾವಿನ ಮನೆಯಲ್ಲಿ ರಂಗೋಲಿ ಹಾಕಿದವರು ಯಾರು?

ಒಳಗಿಂದ ಸೊಕ್ಕಲಿಂಗಂನ ಹೆಂಡತಿ ಕೋಮದಿ ಹಿತ್ತಾಳೆ ಚೊಂಬು ಹಿಡಿದು ಹೊರಗೆ ಬಂದಳು. ಹಣೆಯಲ್ಲಿ ಕುಂಕುಮ, ಮುಡಿಯಲ್ಲಿ ಹೂವು. ಎಷ್ಟೋ ವರ್ಷದಿಂದ ಆ ಕಡೆ ತಲೆ ಹಾಕದ ಮನುಷ್ಯ ಬಾಗಿಲಲ್ಲಿ ನಿಂತಿರುವುದನ್ನು ನೋಡಿದಳು. ಅವನ ಎದೆಯ ಮೇಲಿನ ಮಾಲೆಯನ್ನು ನೋಡಿದಳು. ಚೊಂಬು ಠಣ್ಣೆಂದು ಬಿತ್ತು.

"ಅಯ್ಯೋ ಅಣ್ಣೇ! ಯಾರಿಗೆ ಏನಾಯ್ತು? ವಡಿವು ಮದಿನಿ ಚೆನ್ನಾಗಿದಾರಾ?"

ತಿರುಮೇನಿ ಮಾಲೆಯನ್ನು ಬಾಳೆಎಲೆಯೊಳಗೆ ಮುಚ್ಚಲು ನೋಡಿದ.

ಆಗ ಹಿತ್ತಲ ಕಡೆಯಿಂದ, ಬಾಯಿ ತುಂಬ ಹಲ್ಲುಪುಡಿಯ ನೊರೆ, ಹೆಗಲ ಮೇಲೆ ಟವೆಲು, ಕೆಮ್ಮುತ್ತ ಒಬ್ಬನು ಬಂದ. ಬಂದವನು ಸೊಕ್ಕಲಿಂಗಂ.

ಮಾಲೆ ಬಾಳೆಎಲೆಯಿಂದ ಜಾರಿ ರಂಗೋಲಿಯ ಮೇಲೆ ಬಿತ್ತು. ತಿರುಮೇನಿ ಗೋಡೆ ಹಿಡಿದುಕೊಂಡ. "ಮುರುಗಾ..." ಅಂದ.

ಸೊಕ್ಕಲಿಂಗಂ ನೊರೆ ಉಗಿದ. ಮಾಲೆ ನೋಡಿದ, ಗೆಳೆಯನ ಮುಖ ನೋಡಿದ, ಮತ್ತೆ ಮಾಲೆ ನೋಡಿದ. "ಏನಿದು ಪಂಗಾಳಿ? ನನಗೇ ಹಾಕೋಕೆ ತಂದ್ಯಾ? ಚುನಾವಣೆಗೆ ನಿಂತಿಲ್ಲವಲ್ಲ ನಾನು."

"ನೀನು... ಗೋಡೆ ಮೇಲೆ..." ತಿರುಮೇನಿ ಮುಂದಕ್ಕೆ ಬಂದು ಅವನ ಎರಡೂ ತೋಳು ಹಿಡಿದು ಅದುಮಿದ. ಬಿಸಿಯಾಗಿದ್ದವು. "ಅದಿಕಾಲೈ ದೇವರ ಪಾದ ಸೇರಿದೆ ಅಂತ ಹಾಕಿದಾರೆ ಕಣೋ. ಊರೆಲ್ಲ ಹಾಕಿದಾರೆ!"

ಸೊಕ್ಕಲಿಂಗಂನ ಮುಖದ ಬಣ್ಣ ಹೋಯಿತು. ಆಮೇಲೆ ತಲೆಯ ಮೇಲೆ ಎರಡೂ ಕೈ ಇಟ್ಟು ಜಗಲಿಯ ಮೇಲೆ ಕೂತ.

"ಮಾಯಾಂಡಿ! ಹಾಳಾದೋನೇ, ಮಾಯಾಂಡಿ!"

ಅವನು ಕರೆದದ್ದಕ್ಕೋ ಏನೋ, ಬೀದಿಯ ತುದಿಯಿಂದ ಅಂಟಿನ ಬಕೆಟ್ಟು ತೂಗಾಡಿಸುತ್ತ ಮಾಯಾಂಡಿಯೇ ಬಂದ. ಅಚ್ಚಿನ ಯಂತ್ರ ನಡೆಸುವ ಮುದುಕ. ಹೊಡೆಯುವವನೂ ಅವನೇ, ಅಂಟಿಸುವವನೂ ಅವನೇ. ಆಯುಷ್ಯವೆಲ್ಲ ಅಕ್ಷರಗಳ ನಡುವೆ ಕಳೆದವನು. ಒಂದಕ್ಷರ ಓದಲಾರ.

"ಧಣೀ, ಎಲ್ಲ ಬೀದಿ ಮುಗೀತು," ಅಂದ ಹಲ್ಲು ಬಿಟ್ಟು. "ಒಂದು ಸುಕ್ಕಿಲ್ಲದೆ ಅಂಟಿಸಿದೀನಿ. ರಾಕ್ಕಪ್ಪನ್ ಮನೆಯವರು ಹಿಗ್ಗಬೇಕು."

"ಕಲ್ಲಿನ ಮೇಲೆ ಜೋಡಿಸಿ ಇಟ್ಟಿದ್ದನ್ನ ಹೊಡಿ ಅಂದಿದ್ನಲ್ಲೋ ನಾನು?"

"ಕಲ್ಲಿನ ಮೇಲೆ ಯಾಕೆ? ಯಂತ್ರದ ಮೇಲೇ ಕಟ್ಟಿ ಸಿದ್ಧವಾಗಿತ್ತಲ್ಲ. ಕಪ್ಪು ಅಂಚು ಇತ್ತು. ಅದನ್ನೇ ಹೊಡೆದೆ."

ಕೋಮದಿ ಗಂಡನನ್ನು ನೋಡಿದಳು. "ಯಂತ್ರದ ಮೇಲೆ ನಿಮ್ಮ ಹೆಸರು ಯಾಕಿತ್ತು? ಯಾರು ಜೋಡಿಸಿದ್ರು?"

"ನಾನೇ."

"ನಿಮ್ಮ ಸಾವಿನ ಹಾಳೇನ ನೀವೇ?" ಅವಳ ದನಿ ಸೀಳಿತು. "ತಲೆ ಕೆಟ್ಟಿದ್ಯಾ?"

"ಅಚ್ಚುಮನೆ ಪದ್ಧತಿ ಕಣೇ ಅದು. ಅಪ್ಪನ ಕಾಲದಿಂದ ಇದೆ. ಕಣ್ಣೀರಂಜಲಿ ಹಾಳೆ ಸರಿಯಾಗಿ ಬೀಳುತ್ತಾ ಅಂತ ನೋಡ್ಬೇಕಾದ್ರೆ ಬದುಕಿರೋ ಬೇರೆಯವರ ಹೆಸರು ಹಾಕಬಾರದು. ಅದು ಪಾಪ. ಜೋಡಿಸೋನು ತನ್ನ ಹೆಸರನ್ನೇ ಹಾಕ್ಕೋಬೇಕು. ನೋಡಿ ಬಿಚ್ಚಿಬಿಡಬೇಕು. ನಿನ್ನೆ ಸಂಜೆ ಬಿಚ್ಚೋ ಹೊತ್ತಿಗೆ ಎಣ್ಣೆಗಾಣದ ರಾಕ್ಕಪ್ಪನ್ ಹೋದ್ರು ಅಂತ ಮನೆಯವರು ಓಡಿಬಂದ್ರು. ಅದನ್ನ ಜೋಡಿಸೋ ಗಡಿಬಿಡೀಲಿ ಇದನ್ನ ಮರೆತೆ."

ಅಷ್ಟರಲ್ಲಿ ಬೀದಿಯ ತಿರುವಿನಲ್ಲಿ ಅಳು ಕೇಳಿಸಿತು. ವಡಿವು ಮುಂದೆ, ನೆರೆಮನೆಯ ಹೆಂಗಸರು ಹಿಂದೆ. "ಅಣ್ಣೇ, ಬಂಗಾರದಂಥ ಅಣ್ಣೇ, ನನ್ನ ಗಂಡನ ಮುಖ ನೋಡದೇನೇ ಹೋದ್ಯಾ" ಎಂದು ರಾಗವಾಗಿ ಎದೆ ಬಡಿದುಕೊಳ್ಳುತ್ತ ಬಂದಳು. ಜಗಲಿಯ ಮೇಲೆ ಕೂತಿದ್ದವನನ್ನು ಕಂಡು ರಾಗ ನಡುವೆಯೇ ನಿಂತಿತು. ಹಿಂದಿದ್ದ ಒಬ್ಬಳು ಕಿರುಚಿ ಓಡಿದಳು.

"ನಿಲ್ಲಿಸ್ಬೇಡ ತಂಗಚ್ಚಿ," ಅಂದ ಸೊಕ್ಕಲಿಂಗಂ. "ಬಂಗಾರದಂಥ ಅಣ್ಣ ಅನ್ನೋವರೆಗೂ ಬಂದಿದ್ದೆ. ಮುಂದೇನಿದೆ, ಕೇಳೋಣ."

ವಡಿವು ಅಲ್ಲೇ ಕೂತು ನಿಜವಾಗಿ ಅತ್ತಳು. ಕೋಮದಿ ಅವಳ ಪಕ್ಕ ಕೂತು ಸೇರಿಕೊಂಡಳು. ಇಬ್ಬರೂ ಅಳುತ್ತ ಅಳುತ್ತ ಯಾವಾಗ ನಗಲು ಶುರುಮಾಡಿದರೋ ಯಾರಿಗೂ ತಿಳಿಯಲಿಲ್ಲ. ಸತ್ತನೆಂದು ಸುದ್ದಿ ಹಬ್ಬಿದವನಿಗೆ ಆಯುಸ್ಸು ಹೆಚ್ಚುತ್ತದೆ ಎಂದು ಯಾರೋ ಹೆಂಗಸು ಹೇಳಿದಳು.

ತಿರುಮೇನಿ ಮಾತ್ರ ನಗಲಿಲ್ಲ. ಬಿದ್ದ ಮಾಲೆಯನ್ನು ಎತ್ತಿ, ಏನು ಮಾಡಬೇಕೆಂದು ತೋಚದೆ ಕೈಯಲ್ಲೇ ಹಿಡಿದುಕೊಂಡಿದ್ದ.

"ಆ 'ಲೈ'..." ಅಂದ ಕೊನೆಗೆ. "ಸುಟ್ಟಿದ್ಯಲ್ಲ."

ಸೊಕ್ಕಲಿಂಗಂ ಮುಖ ತಿರುಗಿಸಿದ. "ಸುಟ್ಟೆ ಅಂತಲೇ ನಾನೂ ತಿಳಿದಿದ್ದೆ. ಊರಲ್ಲೆಲ್ಲ ಕಂಪ್ಯೂಟರ್ ಅಂಗಡಿ ಬಂತು ಪಂಗಾಳಿ. ಮದುವೆ ಕೆಲಸ ಎಲ್ಲ ಅಲ್ಲಿಗೇ ಹೋಯ್ತು. ರಾತ್ರಿ ಸತ್ತವರಿಗೆ ಬೆಳಗಾಗೋದ್ರೊಳಗೆ ಹಾಳೆ ಬೇಕು ಅಂತ ನನ್ನ ಹತ್ರ ಬರ್ತಾರೆ, ಅಷ್ಟೇ. ಹೋದ ವಾರ ಕಾಗದ ಕತ್ತರಿಸೋ ಯಂತ್ರ ಮಾರಿದೆ. ಎತ್ತುವಾಗ ಅದರ ಮೋಟು ಕಾಲಿನ ಕೆಳಗೆ ಒಂದು ಚಕ್ಕೆ ಇತ್ತು, ಅಲ್ಲಾಡದ ಹಾಗೆ ಒತ್ತು ಕೊಟ್ಟಿದ್ದು. ತೆಗೆದು ತಿರುಗಿಸಿದೆ." ಅವನು ಬೆರಳಿನಿಂದ ಗಾಳಿಯಲ್ಲಿ ಒಂದು ಸುರುಳಿ ಎಳೆದ. "ಸೊಂಡಿಲು."

"ಆನೆ ಮರಿ ತಾನೇ, ಭಾರ ತಡೆಯುತ್ತೆ ಅಂತ ನಾನೇ ಅಡಿಗೆ ಇಟ್ಟಿದ್ದೆ," ಅಂದ ಮಾಯಾಂಡಿ ಮೆಲ್ಲಗೆ. "ಭೋಗಿಗೆ ಮೊದಲೇ. ನೀವು ಕೇಳ್ಲಿಲ್ಲ, ನಾನು ಹೇಳ್ಲಿಲ್ಲ."

ಯಾರೂ ಅವನನ್ನು ಬೈಯಲಿಲ್ಲ. ಬೈಯುವ ಶಕ್ತಿ ಯಾರಲ್ಲೂ ಇರಲಿಲ್ಲ. ತಿರುಮೇನಿ ಕಣ್ಣು ಮುಚ್ಚಿಕೊಂಡ. ಅವನು ಬೆಂಕಿಗೆ ಕೈಹಾಕಿ ಹುಡುಕುತ್ತಿದ್ದಾಗ, ಬೀದಿಯ ಮುಂದೆ ಆ ಮಾತು ಆಡುತ್ತಿದ್ದಾಗ, ಅದು ಒಳಗೆ ಕತ್ತಲಲ್ಲಿ ಕಬ್ಬಿಣದ ಕಾಲು ಹೊತ್ತುಕೊಂಡು ಸುಮ್ಮನೆ ಇತ್ತು.

"ನೇರವಾಗಿ ತಂದು ಕೊಡಬಹುದಿತ್ತಲ್ಲೋ," ಅಂದ.

"ಕಾಲು ಬರ್ಲಿಲ್ಲ. ನಕ್ಕಿದ್ನಲ್ಲ ಅವತ್ತು." ಸೊಕ್ಕಲಿಂಗಂ ಟವೆಲಿನಿಂದ ಬಾಯಿ ಒರೆಸಿಕೊಂಡ. "ಅಷ್ಟು ವರ್ಷ ಯಂತ್ರದ ಕೆಳಗಿತ್ತು, ಮುಖ ನಜ್ಜಿದ್ಯೋ ಏನೋ. ನಜ್ಜಿದ್ದನ್ನ ನಿನ್ನ ಕೈಗೆ ಹೆಂಗೆ ಇಡ್ಲಿ? ಒಂದು ಹಾಳೆ ಹೊಡೆದು ನೋಡೋಣ ಅಂದ್ಕೊಂಡೆ. ನನ್ನ ಹತ್ರ ಬರೋ ಸಾವಿನ ಕೆಲಸದಲ್ಲಿ 'ಲೈ' ಇರೋ ಮಾತು ಅದೊಂದೇ. ಅದಿಕಾಲೈ. ಚೆನ್ನಾಗಿ ಬಿತ್ತು ಪಂಗಾಳಿ. ನೋಡಿದ್ಯಲ್ಲ?"

"ನೋಡ್ದೆ."

"ಹೆಂಗಿತ್ತು?"

"ನಿನ್ನ ಹೆಸರು ನೋಡೋಕ್ಕಿಂತ ಮೊದಲು ಅದನ್ನೇ ನೋಡಿ ನಕ್ಕೆ ಕಣೋ," ಅಂದ ತಿರುಮೇನಿ.

ಸೊಕ್ಕಲಿಂಗಂ ಅವನನ್ನು ದಿಟ್ಟಿಸಿ ನೋಡಿದ. "ಸತ್ತರೂ ಬರಲ್ಲ ಅಂದಿದ್ದೆ," ಅಂದ. "ಸಾಯದೇನೇ ಬರ್ಸಿದೆ ನೋಡು ನಿನ್ನ."

*

ಮೊದಲು ಅಚ್ಚುಮನೆಗೆ ಹೋದರು. ತಿರುಮೇನಿ ಹೊರಗೇ ನಿಂತ. ಒಳಗೆ ಸೊಕ್ಕಲಿಂಗಂ ಯಂತ್ರದ ಮೇಲಿನ ಕಟ್ಟು ಬಿಚ್ಚಿ ರಾಕ್ಕಪ್ಪನ ಹೆಸರಿದ್ದದ್ದನ್ನು ಕೂರಿಸಿದ. ಮಾಯಾಂಡಿ ಹೊಸ ಹಾಳೆಗಳನ್ನು ಹೊಡೆಯಲು ನಿಂತ. ಸೊಕ್ಕಲಿಂಗಂ ಪಂಚೆಯ ಸೊಂಟದ ಮಡಿಕೆ ಸರಿಮಾಡಿಕೊಂಡು, ಮಸಿಯ ಕೈ ಒರೆಸುತ್ತ ಹೊರಗೆ ಬಂದ.

ಇಬ್ಬರೂ ಬೀದಿಬೀದಿ ಸುತ್ತಿ ಹಾಳೆಗಳನ್ನು ಕಿತ್ತರು. ಬಿಸಿಲು ಬಂದು ಮಂಜು ಕರಗುತ್ತಿತ್ತು. ಸತ್ತವನು ತನ್ನ ಸಾವಿನ ಹಾಳೆಯನ್ನು ತಾನೇ ಕೀಳುತ್ತಿರುವುದನ್ನು ಕಂಡು ಮೊಸರು ಮಾರುವವಳು ಕೊಡ ಸಮೇತ ಹಿಂದಕ್ಕೆ ತಿರುಗಿದಳು. ಪಿಳ್ಳೈಯಾರ್ ಗುಡಿಯ ಅರ್ಚಕರು ಆರತಿಯ ತಟ್ಟೆ ಹಿಡಿದು ಹೊರಗೆ ಬಂದವರು ಸೊಕ್ಕಲಿಂಗಂನ ಕಾಲನ್ನೇ ನೋಡಿದರು, ನೆಲಕ್ಕೆ ತಾಗಿದೆಯೇ ಎಂದು. ತಾಗಿದ್ದನ್ನು ಕಂಡು ವಿಭೂತಿ ಕೊಟ್ಟರು. ತಿರುಮೇನಿ ಕೈಯಲ್ಲಿದ್ದ ಮಾಲೆಯನ್ನು ಅಲ್ಲೇ ದೇವರಿಗೆ ಒಪ್ಪಿಸಿದ.

ಕೊನೆಗೆ ಉಳಿದದ್ದು ಸೌದೆ ಮಂಡಿಯ ಗೋಡೆ. ಪಿಚ್ಚೈ ದೂರದಿಂದ ಇಬ್ಬರನ್ನೂ ನೋಡಿದ. ಸೌಟು ಪಾತ್ರೆಯೊಳಗೆ ಬಿಟ್ಟ. "ಶಿವ ಶಿವಾ! ಅಣ್ಣೇ, ನಿಮ್ಮ ಪಕ್ಕದಲ್ಲಿ..."

"ನನಗೂ ಕಾಣ್ತಿದೆ ಕಣೋ," ಅಂದ ತಿರುಮೇನಿ. "ಎರಡು ಲೋಟ ಹಾಕು."

ಬಿಸಿಲು ಈಗ ಹಾಳೆಯ ಮೇಲೆ ನೇರವಾಗಿ ಬಿದ್ದಿತ್ತು. ಅಂಟು ಒಣಗಿ ಹಾಳೆ ಗೋಡೆಗೆ ಕೂತುಬಿಟ್ಟಿತ್ತು. ಇದು ಎಲ್ಲಕ್ಕಿಂತ ಚೆನ್ನಾಗಿ ಬಿದ್ದ ಹಾಳೆ. ಮಸಿ ಎಲ್ಲೂ ಕಡಿಮೆಯಿಲ್ಲ, ಸೊಂಡಿಲ ತುದಿಯ ಆ ಸಣ್ಣ ಏರಿಕೆ ಕೂದಲೆಳೆಯಷ್ಟೂ ತಪ್ಪಿಲ್ಲ.

"ಇದೊಂದನ್ನ ಇಟ್ಕೋತೀಯಾ?" ಸೊಕ್ಕಲಿಂಗಂ ಕೇಳಿದ. "ಕೆಳಗಿನ ಸಾಲು ಮಾತ್ರ ಹರ್ಕೋ. ನನಗೇನೂ ಬೇಜಾರಿಲ್ಲ."

ತಿರುಮೇನಿ ಹಾಳೆಯ ಮುಂದೆ ನಿಂತ. ಮೇಲಿನಿಂದ ಶುರುಮಾಡಿದ. ತುಟಿ ಅಲುಗಿಸುತ್ತ, ಶಾಲೆಯ ಹುಡುಗನ ಹಾಗೆ, ಒಂದೊಂದೇ ಮಾತನ್ನು ಓದಿದ. ಕಣ್ಣೀರಂಜಲಿ. ಅಚ್ಚುಮನೆ ಸೊಕ್ಕಲಿಂಗಂ. ಹೆಸರಿನ ಹತ್ತಿರ ಬಹಳ ಹೊತ್ತು ತಡೆದ. ಆಮೇಲೆ ಮೂಲೆಗೆ ಉಗುರು ಹಾಕಿ ಎಳೆದ. ಹಾಳೆ ಅಡ್ಡಡ್ಡವಾಗಿ ಹರಿಯಿತು. ಹೆಸರು ಹರಿಯಿತು, ಅದಿಕಾಲೈ ಹರಿಯಿತು, ಸೊಂಡಿಲು ನಡುವೆ ಎರಡಾಯಿತು. ತುಂಡುಗಳನ್ನು ಮುದ್ದೆ ಮಾಡಿ ಪಿಚ್ಚೈಯ ಒಲೆಗೆ ಹಾಕಿದ. ಬೆಂಕಿ ಒಮ್ಮೆ ಎದ್ದು ತಗ್ಗಿತು.

ಇಬ್ಬರೂ ಗೋಡೆಗೆ ಒರಗಿ ಕೂತರು. ಪಿಚ್ಚೈ ಲೋಟಗಳನ್ನು ತಂದುಕೊಟ್ಟ. ಸತ್ತವನ ಲೋಟವನ್ನು ಮಾತ್ರ ದೂರ ನಿಂತೇ ಕೈಚಾಚಿ ಕೊಟ್ಟ.

"ಹಾಲು ಹೆಂಗಿದೆ ಅಣ್ಣೇ?"

"ಬೆಲ್ಲ ಜಾಸ್ತಿ," ಅಂದ ತಿರುಮೇನಿ.

ಸೊಕ್ಕಲಿಂಗಂ ಲೋಟ ಕೆಳಗಿಟ್ಟ. ಪಂಚೆಯ ಸೊಂಟದ ಮಡಿಕೆ ಬಿಚ್ಚಿ, ಹಳೆಯ ಬಟ್ಟೆಚೂರಿನಲ್ಲಿ ಸುತ್ತಿದ್ದ ಕಟ್ಟಿಗೆ ತುಂಡನ್ನು ತೆಗೆದ. ಮುಖ ನೋಡದೆ ಗೆಳೆಯನ ಅಂಗೈ ಎಳೆದು ಅದರಲ್ಲಿ ಇಟ್ಟು, ಬೆರಳುಗಳನ್ನು ಮಡಿಸಿದ.